ಅಡಗಿದ ಅಂಕಿ

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂದರು ನಮ್ಮ ಹಿರಿಯರು. ಅದೇ ಹಿರಿಯರು 'ಕೈ ಕೆಸರಾದರೆ ಬಾಯಿ ಮೊಸರು' ಎಂದೂ ಹೇಳಿದರು. ಎರಡು ಗಾದೆಗಳನ್ನೂ ನಾವು ಸಮಯಕ್ಕೆ ತಕ್ಕಂತೆ ಬಳಸಿಕೊಳ್ಳುತ್ತೇವೆ. ನೆರೆಮನೆಯ ಹುಡುಗನಿಗೆ ಐ.ಐ.ಟಿ.ಯಲ್ಲಿ ಸೀಟು ಸಿಕ್ಕಿದರೆ ಮೊದಲನೆಯ ಗಾದೆ. ನಮ್ಮ ಮನೆಯ ಹುಡುಗ ಪುಸ್ತಕ ಮುಚ್ಚಿ ಕುಳಿತಿದ್ದರೆ ಎರಡನೆಯದು. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಇವೆರಡೂ ಒಂದಕ್ಕೊಂದು ಎದುರಾಗಿ ನಿಲ್ಲುವ ಮಾತುಗಳು. ಸಿರಿಯೆಲ್ಲ ಮೊಳಕೆಯಲ್ಲೇ ಅಡಗಿದ್ದರೆ ಕೈ ಕೆಸರು ಮಾಡಿಕೊಳ್ಳುವುದು ಯಾತಕ್ಕೆ? ಕೆಸರಿನಿಂದಲೇ ಮೊಸರು ಬರುವುದಾದರೆ ಮೊಳಕೆಯನ್ನು ನೋಡಿ ಭವಿಷ್ಯ ಹೇಳುವವರಿಗೆ ಕೆಲಸವೇನು?

ದೈವವೋ ಪುರುಷಪ್ರಯತ್ನವೋ ಎಂಬ ಈ ಜಿಜ್ಞಾಸೆ ಹೊಸದಲ್ಲ. ಯೋಗವಾಸಿಷ್ಠದಲ್ಲಿ ವಸಿಷ್ಠರು ಶ್ರೀರಾಮನಿಗೆ ಪೌರುಷದ ಪರವಾಗಿ ದೀರ್ಘವಾಗಿಯೇ ಬೋಧಿಸಿದ್ದಾರೆ. ನಾನು ಈ ಲೇಖನದಲ್ಲಿ ಎತ್ತಿಕೊಂಡಿರುವುದು ಅದರ ಪಕ್ಕದ ಇನ್ನೊಂದು ಪ್ರಶ್ನೆ. ಹುಟ್ಟುವಾಗಲೇ ಒಂದು ಜೀವದೊಳಗೆ ಅದರ ಯೋಗ್ಯತೆಯ ಅಂಕಿ ಬರೆದಿದೆ ಎಂದೇ ಇಟ್ಟುಕೊಳ್ಳೋಣ. ಆ ಅಂಕಿಯನ್ನು ಓದುವುದು ಸರಿಯೇ? ಓದಿದ ಮೇಲೆ ಆ ಜೀವದ ಬಗ್ಗೆ ನಮ್ಮ ಕರ್ತವ್ಯವೇನು?

ಈ ಪ್ರಶ್ನೆ ನನಗೆ ಎದುರಾದದ್ದು ಯಾವ ಉಪನ್ಯಾಸದಲ್ಲೂ ಅಲ್ಲ, ಮಕ್ಕಳ ಒಂದು ವಿಡಿಯೋ ಆಟದಲ್ಲಿ. ವೇದಾಂತಕ್ಕೆ ಮಕ್ಕಳಾಟದಿಂದ ಪೀಠಿಕೆ ಹಾಕುತ್ತಿದ್ದೇನೆಂದು ಓದುಗರು ನಗಬಾರದು. ಪಗಡೆಯಾಟ ಇಲ್ಲದಿದ್ದರೆ ಮಹಾಭಾರತಕ್ಕೆ ಅರ್ಧ ಕಥೆಯೇ ಇರುತ್ತಿರಲಿಲ್ಲ.

ಜಪಾನಿನಲ್ಲಿ 1996ರ ಫೆಬ್ರವರಿಯಲ್ಲಿ 'ಪಾಕೆಟ್ ಮಾನ್‌ಸ್ಟರ್ಸ್' ಎಂಬ ಆಟ ಹೊರಬಂತು. ಇದನ್ನು ರೂಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಹವ್ಯಾಸದವರು. ನಾವು ಚಿಕ್ಕಂದಿನಲ್ಲಿ ಜೀರುಂಡೆಯನ್ನು ಬೆಂಕಿಪೊಟ್ಟಣದಲ್ಲಿ ಸಾಕಿದಂತೆಯೇ. ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯುವುದು, ಪಳಗಿಸುವುದು, ಒಂದರೊಡನೊಂದನ್ನು ಸೆಣಸಿಗೆ ಬಿಡುವುದು, ಗೆಳೆಯರೊಂದಿಗೆ ಅದಲುಬದಲು ಮಾಡಿಕೊಳ್ಳುವುದು ಇದರ ಆಟ. ಪೋಕೆಮಾನ್ ಎಂಬ ಹೆಸರಿನಿಂದ ಜಗತ್ತೆಲ್ಲ ಹರಡಿತು. 2016ರ ಡಿಸೆಂಬರಿನಲ್ಲಿ 'ಪೋಕೆಮಾನ್ ಗೋ' ಎಂಬ ಅದರ ಫೋನಿನ ಅವತಾರ ಭಾರತಕ್ಕೆ ಅಧಿಕೃತವಾಗಿ ಬಂದಾಗ, ಬೀದಿಯಲ್ಲಿ ಫೋನು ಹಿಡಿದು ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದ ಹುಡುಗರನ್ನು ತಾವೂ ಕಂಡಿರಬಹುದು. ನಮ್ಮ ಜೀಡಿಮೆಟ್ಲಾದಲ್ಲಿ, ಲಾರಿಗಳ ನಡುವೆ, ಸಂಜೆಯ ಹೊತ್ತು ಇಂಥ ಹುಡುಗರು ಈಗಲೂ ಒಬ್ಬಿಬ್ಬರು ಸಿಗುತ್ತಾರೆ. ಅವರಲ್ಲಿ ಒಬ್ಬನು ನನ್ನ ಮಗರಾಯ, ಒಂಬತ್ತನೆಯ ತರಗತಿ.

ಅವನಿಂದ ಕಲಿತ ವಿಷಯವನ್ನು ನನ್ನ ಬಿ.ಎಸ್ಸಿ. ಗಣಿತದಿಂದ ಕೊಂಚ ತಿದ್ದಿ ಹೇಳುತ್ತೇನೆ. ಒಂದೇ ಜಾತಿಯ ಎರಡು ಪ್ರಾಣಿಗಳು ನೋಡಲು ಒಂದೇ ರೀತಿ, ಅದೇ ಬಣ್ಣ, ಅದೇ ಕೂಗು. ಆದರೆ ಒಳಗೆ ಬೇರೆ. ಪ್ರತಿಯೊಂದು ಪ್ರಾಣಿಯೂ ಆಟಗಾರನ ಮುಂದೆ ಬಂದು ನಿಲ್ಲುವ ಕ್ಷಣದಲ್ಲಿ ಯಂತ್ರವು ಗುಟ್ಟಾಗಿ ಅದಕ್ಕೆ ಆರು ಅಂಕಿಗಳನ್ನು ಕೊಡುತ್ತದೆ: ಪ್ರಾಣಶಕ್ತಿಗೆ ಒಂದು, ಹೊಡೆತಕ್ಕೆ ಒಂದು, ತಡೆಯುವ ಶಕ್ತಿಗೆ ಒಂದು, ವಿಶೇಷ ಹೊಡೆತ, ವಿಶೇಷ ತಡೆಗಳಿಗೆ ಒಂದೊಂದು, ವೇಗಕ್ಕೆ ಒಂದು. ಪ್ರತಿಯೊಂದೂ ಸೊನ್ನೆಯಿಂದ 31ರೊಳಗೆ. ಇದನ್ನು 'ಜನ್ಮಾಂಕ' ಎಂದು ಕರೆಯೋಣ. ಇದಲ್ಲದೆ 'ಶ್ರಮಾಂಕ' ಎಂಬ ಇನ್ನೊಂದಿದೆ. ಪ್ರಾಣಿಯು ಒಂದೊಂದು ಸೆಣಸಿನಲ್ಲಿ ಗೆದ್ದಾಗಲೂ ಒಂದೋ ಎರಡೋ ಮೂರೋ ಅಂಕ ಅದರ ಲೆಕ್ಕಕ್ಕೆ ಜಮಾ ಆಗುತ್ತದೆ. ಮೂರನೆಯದು 'ಸ್ವಭಾವ'. ಇಪ್ಪತ್ತೈದು ಸ್ವಭಾವಗಳಲ್ಲಿ ಇಪ್ಪತ್ತು ಒಂದು ಶಕ್ತಿಯನ್ನು ನೂರಕ್ಕೆ ಹತ್ತು ಪಾಲು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ. ಉಳಿದ ಐದು ಏನನ್ನೂ ಮಾಡುವುದಿಲ್ಲ. ಇವೆಲ್ಲಕ್ಕೂ ತಳಹದಿಯಾಗಿ ಜಾತಿಗೊಂದು 'ಮೂಲಾಂಕ'ವಿದೆ. ಅದು ಆ ಜಾತಿಯ ಎಲ್ಲ ಪ್ರಾಣಿಗಳಿಗೂ ಒಂದೇ.

ಈ ಆರು ಅಂಕಿಗಳ ಏರ್ಪಾಡು ಬಂದದ್ದು 2002ರಲ್ಲಿ. ಮೊದಲ ಆಟದಲ್ಲಿ ಅಂಕಿ ಸೊನ್ನೆಯಿಂದ 15ರವರೆಗೆ ಮಾತ್ರ. ಅದರಲ್ಲೊಂದು ಸ್ವಾರಸ್ಯವಿತ್ತು: ಪ್ರಾಣಶಕ್ತಿಯ ಅಂಕಿಯನ್ನು ಪ್ರತ್ಯೇಕವಾಗಿ ಕೊಡದೆ, ಉಳಿದ ನಾಲ್ಕು ಅಂಕಿಗಳು ಬೆಸವೋ ಸಮವೋ ಎಂಬುದರಿಂದ ಕಟ್ಟುತ್ತಿದ್ದರು. ಆ ಕಾಲದ ಸಣ್ಣ ಯಂತ್ರದಲ್ಲಿ ಜಾಗ ಉಳಿಸುವ ಜಾಣತನ. ಆದರೆ ಅಂದಿನಿಂದ ಹಲವು ವರ್ಷ ಈ ಅಂಕಿಗಳು ಆಟಗಾರನಿಗೆ ಕಾಣಿಸುತ್ತಲೇ ಇರಲಿಲ್ಲ. ಕಾಣುತ್ತಿದ್ದುದು ಎಲ್ಲವೂ ಸೇರಿ ಬಂದ ಒಟ್ಟು ಫಲ ಮಾತ್ರ. ಆಸಕ್ತರು ಕಾಗದ ಪೆನ್ಸಿಲು ಹಿಡಿದು, ಫಲದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ಕಾರಣವನ್ನು ಊಹಿಸುತ್ತಿದ್ದರು.

ಆರಕ್ಕೆ ಆರೂ 31 ಆಗಿರುವ ಪ್ರಾಣಿ ತಾನಾಗಿ ಸಿಗುವ ಸಂಭವವೆಷ್ಟು? 32ನ್ನು ಆರು ಬಾರಿ ಗುಣಿಸಿ ನೋಡಿ: 1,07,37,41,824ರಲ್ಲಿ ಒಂದು. 2001ರ ಜನಗಣತಿಯಂತೆ ಭಾರತದ ಜನಸಂಖ್ಯೆ ಸುಮಾರು 102 ಕೋಟಿ. ಅಂದರೆ ಅಂದಿನ ಇಡೀ ದೇಶಕ್ಕೆ ಒಬ್ಬನೂ ಪೂರ್ತಿ ಸಿಗಲಾರ! ಫೋನಿನ ಆಟದಲ್ಲಿ ಮೂರೇ ಅಂಕಿ, ಪ್ರತಿಯೊಂದೂ 15ರವರೆಗೆ. ಅಲ್ಲಿ ಪರಿಪೂರ್ಣ ಪ್ರಾಣಿ ಸಾಮಾನ್ಯವಾಗಿ 4,096ರಲ್ಲಿ ಒಂದು.

ಇಂಥದ್ದನ್ನು ಪಡೆಯಲು ಹುಡುಗರು ಏನು ಮಾಡುತ್ತಾರೆ ಎಂಬಲ್ಲಿ ನೀತಿಯ ಪ್ರಶ್ನೆ ಹುಟ್ಟುತ್ತದೆ. ದೊಡ್ಡ ಆಟದಲ್ಲಿ ಒಳ್ಳೆಯ ಅಂಕಿಯ ತಂದೆತಾಯಿಗಳನ್ನು ಕೂಡಿಸಿ ನೂರಾರು ಮೊಟ್ಟೆ ಒಡೆಸುತ್ತಾರೆ. ಹೊರಬಂದ ಮರಿಯ ಅಂಕಿ ನೋಡುತ್ತಾರೆ. ಬೇಕಾದದ್ದು ಒಂದು, ಮಿಕ್ಕವನ್ನು ಬಿಟ್ಟುಬಿಡುತ್ತಾರೆ. ಫೋನಿನ ಆಟದಲ್ಲಂತೂ ಇನ್ನೂ ಸರಳ. ಕಡಮೆ ಅಂಕಿಯ ಪ್ರಾಣಿಯನ್ನು ಪ್ರೊಫೆಸರರಿಗೆ ಕಳುಹಿಸಿಕೊಟ್ಟರೆ ಅದರ ಜಾತಿಯ ಒಂದು ಮಿಠಾಯಿ ಕೈಗೆ ಬರುತ್ತದೆ. ಆ ಮಿಠಾಯಿಯನ್ನು ಅದೇ ಜಾತಿಯ ಹೆಚ್ಚಿನ ಅಂಕಿಯ ಪ್ರಾಣಿಗೆ ತಿನ್ನಿಸಿ ಬೆಳೆಸಬಹುದು. ಕೆಳಗಿನವನನ್ನು ಕರಗಿಸಿ ಮೇಲಿನವನಿಗೆ ಉಣಿಸುವ ಈ ಏರ್ಪಾಟನ್ನು ಕಂಡು ನನಗೆ ಆಟವೆನ್ನುವುದು ಮರೆತೇಹೋಯಿತು. ನಮ್ಮ ಸಮಾಜಶಾಸ್ತ್ರದ ಗ್ರಂಥಗಳು ನೂರು ಪುಟಗಳಲ್ಲಿ ಹೇಳುವುದನ್ನು ಇದು ಒಂದು ಮಿಠಾಯಿಯಲ್ಲಿ ಹೇಳುತ್ತದೆ.

ಪ್ರಾಣಿಗಳೇನೂ ನಿಜವಲ್ಲ, ಅವಕ್ಕೆ ನೋವಿಲ್ಲ. ಅದು ನನಗೂ ಗೊತ್ತು. ಆದರೆ ನೋಡುವ ಕಣ್ಣು ನಿಜವಾದದ್ದು, ಅದು ಅಭ್ಯಾಸವಾಗುತ್ತದೆ. ಒಂದು ಭಾನುವಾರ ಮಗ ಹೀಗೆ ಐವತ್ತು ಪ್ರಾಣಿಗಳನ್ನು ಒಟ್ಟಿಗೆ ಕಳುಹಿಸಿ, ಫೋನು ಕೆಳಗಿಟ್ಟು, "ಅಪ್ಪ, ಮನುಷ್ಯರಿಗೂ ಹೀಗೆ ಒಳಗೆ ನಂಬರು ಇರುತ್ತಾ?" ಎಂದು ಕೇಳಿದ. ಕೆಲವು ದಿನಗಳ ಹಿಂದೆ ಅವನ ಗಣಿತದ ಉತ್ತರಪತ್ರಿಕೆ ಮನೆಗೆ ಬಂದಿತ್ತು. ಹಾಗಾಗಿ ಅವನು ಕೇಳುತ್ತಿದ್ದುದು ಮನುಷ್ಯರೆಲ್ಲರ ವಿಷಯವಲ್ಲ, ಒಬ್ಬನ ವಿಷಯ ಮಾತ್ರ ಎಂಬುದು ತಂದೆಯಾದವನಿಗೆ ತಿಳಿಯದೆ ಹೋಗುವುದಿಲ್ಲ. ಇಂಥ ಪ್ರಶ್ನೆಗೆ 'ಸುಮ್ಮನೆ ಓದಿಕೋ ಹೋಗು' ಎನ್ನುವುದು ಸುಲಭ, 'ಇಲ್ಲ ಕಂದ, ಎಲ್ಲರೂ ಸಮಾನರು' ಎನ್ನುವುದು ಇನ್ನೂ ಸುಲಭ. ಎರಡೂ ಉತ್ತರವಲ್ಲ. ಉತ್ತರವನ್ನು ಬಿಡಿಸಿ ಬಿಡಿಸಿ ಕೊಡಬೇಕು.

ಮೊದಲು ಗುಟ್ಟಿನ ವಿಷಯ. ಅಂಕಿಯಿರುವುದು ಒಂದು ಮಾತು, ಅದನ್ನು ಅಂಕಿಯುಳ್ಳವನಿಂದ ಬಚ್ಚಿಡುವುದು ಇನ್ನೊಂದು ಮಾತು. ಕೇಂದ್ರ ಸರ್ಕಾರದ ಗುಮಾಸ್ತನಾದ ನನಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಕೊಂಚ ಹೆಚ್ಚೇ ಇದೆ ಎನ್ನಬೇಕು. ನಮ್ಮಲ್ಲಿ 'ಸಿ.ಆರ್.' ಎಂಬ ಗೌಪ್ಯ ವರದಿ ಇರುತ್ತಿತ್ತು. ವರ್ಷಕ್ಕೊಮ್ಮೆ ಮೇಲಧಿಕಾರಿ ಕೆಳಗಿನವನ ಬಗ್ಗೆ ಬರೆಯುವುದು, ಅವರ ಮೇಲಿನವರು ಅದನ್ನು ಪರಿಶೀಲಿಸುವುದು, ಬೀರುವಿನಲ್ಲಿ ಬೀಗ ಹಾಕಿ ಇಡುವುದು. ಪ್ರತಿಕೂಲವಾದ ಮಾತು ಇದ್ದರೆ ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. 'ಉತ್ತಮ' ಎಂದು ಬರೆದಿದ್ದರೆ ತಿಳಿಸಬೇಕಾಗಿರಲಿಲ್ಲ, ಏಕೆಂದರೆ ಉತ್ತಮ ಎಂಬುದು ಬೈಗುಳವಲ್ಲವಲ್ಲ! ಆದರೆ ಪ್ರಮೋಷನ್ನಿಗೆ 'ಅತ್ಯುತ್ತಮ' ಬೇಕೆಂದು ನಿಯಮವಿದ್ದರೆ ಆ 'ಉತ್ತಮ'ವೇ ಕೊರಳಿಗೆ ಉರುಳು. ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ಕಂಡು, ಯಾವ ವರ್ಷ ಏನು ಬರೆದಿದ್ದಾರು ಎಂದು ಟೀ ಕುಡಿಯುತ್ತ ಹಿಮ್ಮುಖವಾಗಿ ಲೆಕ್ಕ ಹಾಕುತ್ತಿದ್ದ ಹಿರಿಯ ಗುಮಾಸ್ತರ ಮುಂದೆ ಈ ಪೋಕೆಮಾನ್ ಲೆಕ್ಕಿಗರು ಶಿಷ್ಯರಾಗಿ ಕೂರಬಹುದಿತ್ತು.

ಗಡಿ ರಸ್ತೆ ಸೇವೆಯ ಎಂಜಿನಿಯರರಾದ ದೇವದತ್ತ ಎಂಬವರ ಸಂಗತಿಯೇ ಹೀಗೆ. ಉಳಿದ ವರ್ಷಗಳ ವರದಿಯಲ್ಲಿ 'ಅತ್ಯುತ್ತಮ', 1993-94ರದರಲ್ಲಿ ಮಾತ್ರ 'ಉತ್ತಮ'. ಅದನ್ನು ಅವರಿಗೆ ತಿಳಿಸಲಿಲ್ಲ; ಬಡ್ತಿ ತಪ್ಪಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2008ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಸೇಮಾ ಮತ್ತು ನ್ಯಾಯಮೂರ್ತಿ ಮಾರ್ಕಂಡೇಯ ಕಟ್ಜು ಅವರ ಪೀಠವು, ವರದಿಯಲ್ಲಿ ಏನೇ ಬರೆದಿರಲಿ, ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರತಿಯೊಂದನ್ನೂ ನೌಕರನಿಗೆ ತಿಳಿಸಲೇಬೇಕೆಂದು ತೀರ್ಪಿತ್ತಿತು. ಬಚ್ಚಿಡುವುದು ಮನಸ್ವೀ ನಡವಳಿಕೆ, ಸಂವಿಧಾನದ 14ನೆಯ ಅನುಚ್ಛೇದಕ್ಕೆ ವಿರುದ್ಧ ಎಂಬುದು ಅದರ ತಿರುಳು. ಮರುವರ್ಷ, 2009ರಲ್ಲಿ, ಸರ್ಕಾರವು ಗೌಪ್ಯ ವರದಿಯ ಹೆಸರನ್ನೇ ಬದಲಿಸಿತು. ಈಗ ಅದು ಒಂದರಿಂದ ಹತ್ತರವರೆಗಿನ ಅಂಕಿಯ ವರದಿ. ಪೂರ್ತಿಯಾಗಿ ತೋರಿಸುತ್ತಾರೆ, ಒಪ್ಪದಿದ್ದರೆ ಹದಿನೈದು ದಿನಗಳೊಳಗೆ ಮನವಿ ಸಲ್ಲಿಸಬಹುದು.

ಆಟದಲ್ಲೂ ಇದೇ ಹಾದಿ. ಮೊದಮೊದಲು ಪೂರ್ಣ ಗುಟ್ಟು. ಆಮೇಲೆ ಅಂಕಿಯನ್ನು ನೇರವಾಗಿ ಹೇಳದೆ, 'ಪರವಾಗಿಲ್ಲ', 'ಬಹಳ ಚೆನ್ನಾಗಿದೆ' ಎಂಬ ಧಾಟಿಯಲ್ಲಿ ಗೂಢವಾಗಿ ತೀರ್ಪು ಹೇಳುವ ಪಾತ್ರಗಳು ಬಂದವು. ನಮ್ಮ ಹಳೆಯ ವರದಿಯ ಭಾಷೆಯೇ! ಫೋನಿನ ಆಟದಲ್ಲಿ 2019ರಿಂದ ಮೂರು ಪಟ್ಟಿಗಳನ್ನು ತೆರೆದು ತೋರಿಸುತ್ತಾರೆ. ಇದರಿಂದ ನಾನು ತೆಗೆಯುವ ಮೊದಲ ನೀತಿ ಇಷ್ಟು: ಒಬ್ಬನ ಬದುಕನ್ನು ನಿರ್ಣಯಿಸುವ ಅಂಕಿ ಇದ್ದರೆ ಅದನ್ನು ತಿಳಿಯುವ ಮೊದಲ ಹಕ್ಕು ಅವನದೇ. ಅವನಿಗೆ ಕಾಣದ ಅಂಕಿಯಿಂದ ಅವನನ್ನು ತೂಗುವುದು ಅನ್ಯಾಯ, ತೂಕ ಸರಿಯಾಗಿದ್ದರೂ ಸಹ. ಏಕೆಂದರೆ ಕಾಣದ ತಕ್ಕಡಿಯನ್ನು ಪ್ರಶ್ನಿಸುವಂತಿಲ್ಲ.

ಇನ್ನು ಎರಡನೆಯ ವಿಷಯ. ತೆರೆದು ತೋರಿಸಿದ ಮಾತ್ರಕ್ಕೆ ಎಲ್ಲ ಸರಿಹೋಯಿತೇ? ಆಟದಲ್ಲಿ ಪಟ್ಟಿ ತೆರೆದ ಮೇಲೆ ಪ್ರಾಣಿಗಳನ್ನು ಕಳುಹಿಸಿಕೊಡುವ ಕೆಲಸ ಇನ್ನಷ್ಟು ಚುರುಕಾಯಿತೇ ಹೊರತು ನಿಲ್ಲಲಿಲ್ಲ. ಆದ್ದರಿಂದ ಈ ಅಂಕಿಗೆ ನಿಜವಾಗಿ ಎಷ್ಟು ಬೆಲೆ ಎಂದು ಲೆಕ್ಕ ಹಾಕಿಯೇ ನೋಡಬೇಕು.

ಮಕ್ಕಳೆಲ್ಲ ಬಲ್ಲ ಪಿಕಾಚುವನ್ನೇ ತೆಗೆದುಕೊಳ್ಳಿ. ವೇಗದಲ್ಲಿ ಅದರ ಮೂಲಾಂಕ 90. ನೂರನೆಯ ಮಟ್ಟಕ್ಕೆ ಬೆಳೆದಾಗ ಮೂಲಾಂಕದ ಎರಡರಷ್ಟು, ಅಂದರೆ 180, ಅದಕ್ಕೆ ಜನ್ಮಾಂಕ ಪೂರ್ತಿಯಾಗಿ, ಶ್ರಮಾಂಕದ ನಾಲ್ಕನೆಯ ಒಂದು ಪಾಲು, ಮೇಲೆ ಐದು ಕೂಡಿಸಬೇಕು. ಒಂದು ಶಕ್ತಿಗೆ ದಕ್ಕುವ ಶ್ರಮಾಂಕ ಹೆಚ್ಚೆಂದರೆ 252. ಅದರ ನಾಲ್ಕನೆಯ ಒಂದು ಪಾಲು 63. ಈಗ ಎರಡು ಪಿಕಾಚುಗಳನ್ನು ಅಕ್ಕಪಕ್ಕ ನಿಲ್ಲಿಸಿ. ಸ್ವಭಾವ ಎರಡಕ್ಕೂ ಏರಿಳಿತವಿಲ್ಲದ್ದೇ ಆಗಿರಲಿ. ಒಂದರದು ಪರಿಪೂರ್ಣ ಜನ್ಮ, 31, ಶ್ರಮ ಸೊನ್ನೆ. ಅದರ ವೇಗ 216. ಇನ್ನೊಂದರದು ಜನ್ಮ ಸೊನ್ನೆ, ಶ್ರಮ ಪೂರ್ತಿ. ಅದರ ವೇಗ 248. ಕೆಸರಾದ ಕೈ ಗೆದ್ದಿತು! ಈ ಲೆಕ್ಕವನ್ನು ಮಗನ ಎದುರು ಬರೆದು ತೋರಿಸಿದಾಗ ಅವನ ಮುಖ ಅರಳಿತು.

ಆದರೆ ಗಣಿತ ಓದಿದವನು ತನಗೆ ಬೇಕಾದ ಸಾಲಿನಲ್ಲಿ ನಿಲ್ಲಿಸಬಾರದು. ಎರಡೂ ಪಿಕಾಚುಗಳು ಒಂದೇ ಸಮನೆ ಶ್ರಮಿಸಿದರೆ ಒಂದು 279, ಇನ್ನೊಂದು 248. ಆ 31ರ ಅಂತರ ಹಾಗೆಯೇ ಉಳಿಯುತ್ತದೆ. ವೇಗದಲ್ಲಿ ಒಂದೇ ಒಂದು ಅಂಕ ಹೆಚ್ಚಿದ್ದವನು ಮೊದಲು ಹೊಡೆಯುತ್ತಾನೆ, ಮೊದಲು ಹೊಡೆದವನು ಎಷ್ಟೋ ಸಲ ಗೆಲ್ಲುತ್ತಾನೆ. ಆದ್ದರಿಂದ ಜನ್ಮಾಂಕವೆಂಬುದು ಏನೂ ಅಲ್ಲ ಎಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳು. ಮಕ್ಕಳು ಈ ಸುಳ್ಳನ್ನು ಬೇಗ ಕಂಡುಹಿಡಿಯುತ್ತಾರೆ, ಆಮೇಲೆ ನಮ್ಮ ನಿಜವನ್ನೂ ನಂಬುವುದಿಲ್ಲ. ಹೇಳಬೇಕಾದದ್ದು ಇದು: ಈ ಅಂತರ ಮುಖ್ಯವಾಗುವುದು ತುದಿಯ ಸ್ಪರ್ಧೆಯಲ್ಲಿ, ಎಲ್ಲರೂ ಎಲ್ಲ ಶ್ರಮವನ್ನೂ ಮಾಡಿ ಮುಗಿಸಿದ ಮೇಲೆ. ಆಟದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಲು ಯಾವ ಜನ್ಮಾಂಕವಾದರೂ ಸಾಕು. ನಮ್ಮಲ್ಲಿ ಎಷ್ಟು ಜನರ ಬದುಕು ಆ ತುದಿಯ ಸ್ಪರ್ಧೆ? ನೂರರಲ್ಲಿ ತೊಂಬತ್ತೊಂಬತ್ತು ಜನ ಮಾಡಬೇಕಾಗಿರುವುದು ಕಥೆಯನ್ನು ಮುಗಿಸುವ ಕೆಲಸ. ನೆಟ್ಟಗೆ ನಡೆಯುವುದು, ನಾಲ್ಕು ಜನಕ್ಕೆ ಆಗುವುದು, ದಣಿದಾಗ ಕೂತು ಮತ್ತೆ ಏಳುವುದು.

ಶ್ರಮಾಂಕದಲ್ಲಿ ಇನ್ನೂ ಎರಡು ಸ್ವಾರಸ್ಯಗಳಿವೆ. ಜೂಬ್ಯಾಟ್ ಎಂಬ ಬಾವಲಿಯೊಡನೆ ಸೆಣಸಿ ಗೆದ್ದರೆ ವೇಗದ ಅಂಕ ಬರುತ್ತದೆ, ಜಿಯೋಡ್ಯೂಡ್ ಎಂಬ ಬಂಡೆಯೊಡನೆ ಸೆಣಸಿದರೆ ತಡೆಯುವ ಶಕ್ತಿಯ ಅಂಕ. ಯಾರೊಡನೆ ದಿನವೂ ವ್ಯವಹರಿಸುತ್ತೇವೋ ಅವರ ಗುಣ ನಮಗೆ ಹತ್ತುತ್ತದೆ. ಸಹವಾಸದೋಷವೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಯಾರೋ ಜಪಾನಿನಲ್ಲಿ ಸೂತ್ರ ಮಾಡಿಟ್ಟಿದ್ದಾರೆ. ಎರಡನೆಯದಾಗಿ, ಶ್ರಮಾಂಕಕ್ಕೆ ಒಟ್ಟು ಮಿತಿಯಿದೆ, 510. ಎರಡು ಶಕ್ತಿಗಳನ್ನು ಪೂರ್ತಿ ಬೆಳೆಸಿದರೆ ಮೂರನೆಯದಕ್ಕೆ ಉಳಿಯುವುದು ಆರು. ಯಾರೂ ಎಲ್ಲದರಲ್ಲೂ ಮೇಲಾಗುವಂತಿಲ್ಲ. ಬೆಳಿಗ್ಗೆ ಅಬಾಕಸ್, ಸಂಜೆ ಐ.ಐ.ಟಿ. ಫೌಂಡೇಷನ್, ಶನಿವಾರ ಕೀಬೋರ್ಡ್, ಭಾನುವಾರ ಕರಾಟೆ ಎಂದು ಮಕ್ಕಳನ್ನು ಓಡಿಸುವ ತಂದೆತಾಯಿಗಳು ಈ 510ನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅಂಕಿಯ ಬೆಲೆ ಅಂಕಣದ ಮೇಲೆ ನಿಂತಿದೆ ಎಂಬುದೂ ಆಟದಿಂದಲೇ ತಿಳಿಯುತ್ತದೆ. ಫೋನಿನ ಆಟದಲ್ಲಿ 2018ರಿಂದ ಆಟಗಾರರ ನಡುವಣ ಪಂದ್ಯಗಳಿವೆ. ಅದರ ಒಂದು ವಿಭಾಗದಲ್ಲಿ ಪ್ರಾಣಿಯ ಒಟ್ಟು ಬಲ 1500 ದಾಟಬಾರದು. ಒಟ್ಟು ಬಲದ ಸೂತ್ರದಲ್ಲಿ ಹೊಡೆತಕ್ಕೆ ತೂಕ ಹೆಚ್ಚು. ಆದಕಾರಣ ಹೊಡೆತದ ಅಂಕಿ ಸೊನ್ನೆಯಿದ್ದು ಉಳಿದೆರಡು ಹೆಚ್ಚಿರುವ ಪ್ರಾಣಿ ಆ ಮಿತಿಯೊಳಗೇ ಇನ್ನಷ್ಟು ಬೆಳೆಯಬಲ್ಲದು. ಅನೇಕ ಜಾತಿಗಳಲ್ಲಿ ಅದು ಮೂರೂ ಹದಿನೈದಿರುವ ಪರಿಪೂರ್ಣ ಪ್ರಾಣಿಗಿಂತ ಮೇಲು. ದೊಡ್ಡ ಆಟದಲ್ಲಿ 2006ರಿಂದ 'ಟ್ರಿಕ್ ರೂಮ್' ಎಂಬ ತಂತ್ರವೊಂದಿದೆ. ಅದನ್ನು ಹೂಡಿದರೆ ಐದು ಸರದಿಗಳ ಕಾಲ ನಿಧಾನವಾದವನೇ ಮೊದಲಿಗ. ಆಗ ವೇಗದ ಸೊನ್ನೆಯನ್ನು ಹುಡುಕಿಕೊಂಡು ಹೋಗುತ್ತಾರೆ. ನಿನ್ನೆ ಮಿಠಾಯಿಗಾಗಿ ಕಳುಹಿಸಿಬಿಟ್ಟದ್ದು ಇಂದು ಬೇಕಾಗಿತ್ತು ಎಂದು ಕೈ ಹಿಸುಕಿಕೊಂಡ ಹುಡುಗರು ಎಷ್ಟೋ. ಮನೆಯಲ್ಲಿ 'ನಿಧಾನಿ' ಎನ್ನಿಸಿಕೊಂಡ ಮಗು ನಾಳೆ ರೋಗಿಯ ಪಕ್ಕ ತಾಳ್ಮೆಯಿಂದ ಕೂರುವ ದಾದಿಯಾದರೆ ಆ ನಿಧಾನವನ್ನು ದೋಷವೆನ್ನುವವರು ಯಾರು?

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಆಟದಲ್ಲಿ ಅಂಕಿ ನಿಜವಾಗಿಯೂ ಇದೆ. ಮಾಡಿದವನೊಬ್ಬ ಅದನ್ನು ಇಟ್ಟಿದ್ದಾನೆ. ಯಂತ್ರದ ನೆನಪಿನಲ್ಲಿ ಅದು ಒಂದು ಬಿಟ್ಟೂ ತಪ್ಪದೆ ಕುಳಿತಿದೆ. ಮನುಷ್ಯನೊಳಗೆ ಅಂಥದ್ದೊಂದು ಎಲ್ಲಿದೆ? ನಾವು ಹೊರಗಿನಿಂದ ಒಂದು ಅಳತೆಗೋಲು ಮಾಡಿ, ಅಳೆದು, ಬಂದ ಅಂಕಿಯನ್ನು ಅವನ ಹೊಟ್ಟೆಯೊಳಗೆ ಇಟ್ಟು, 'ನೋಡು, ಒಳಗೆ ಇತ್ತು' ಎನ್ನುತ್ತೇವೆ. ಫ್ರಾನ್ಸಿನ ಆಲ್‌ಫ್ರೆಡ್ ಬಿನೆ 1905ರಲ್ಲಿ ಬುದ್ಧಿಯ ಅಳತೆಯ ಪರೀಕ್ಷೆ ಮಾಡಿದ್ದು, ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಹೆಚ್ಚಿನ ನೆರವು ಕೊಡಿಸಲಿಕ್ಕೆ. ಬುದ್ಧಿಯೆಂಬುದು ಮಾರ್ಪಡದ ಗಾತ್ರ ಎಂಬ ಮಾತನ್ನು ಅವರು ಒಪ್ಪಲೇ ಇಲ್ಲ. ಆದರೆ ಅವರ ತರುವಾಯ ಬಂದವರು ಅದೇ ಅಂಕಿಯನ್ನು ಜನರನ್ನು ಜರಡಿ ಹಿಡಿಯಲು ಬಳಸಿದರು. ನೆರವಿಗೆಂದು ಮಾಡಿದ ಅಳತೆ ಹೊರಹಾಕುವ ಅಳತೆಯಾಯಿತು.

ನಮ್ಮಲ್ಲೂ ಇದು ಇಲ್ಲವೇ? ಮದುವೆಯ ಕೂಟ ನೋಡುವಾಗ ವರ್ಣ, ವಶ್ಯ, ತಾರಾ, ಯೋನಿ, ಗ್ರಹಮೈತ್ರಿ, ಗಣ, ರಾಶಿ, ನಾಡಿ ಎಂದು ಎಂಟಕ್ಕೆ ಒಂದರಿಂದ ಎಂಟರವರೆಗೆ ಅಂಕ ಕೊಟ್ಟು 36ಕ್ಕೆ ಎಷ್ಟು ಬಂತೆಂದು ಕೂಡುತ್ತಾರೆ. 18 ಬಾರದಿದ್ದರೆ ಹುಡುಗಿಯ ಓದು, ನಡತೆ, ನಗೆ ಎಲ್ಲ ಒಂದು ಪಕ್ಕಕ್ಕೆ. ಜಾತಕದಲ್ಲಿ ನಂಬಿಕೆಯುಳ್ಳವರು ಮುನಿಯಬಾರದು; ನಂಬದ ನಾವೇನೂ ಮೇಲಲ್ಲ. ಈ ನಗರದ ಕೆಲವು ಕಾಲೇಜುಗಳಲ್ಲಿ ಪರೀಕ್ಷೆಯ ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಸೆಕ್ಷನ್ನುಗಳಿಗೆ ಹಾಕಿ, ಮೇಲಿನ ಸೆಕ್ಷನ್ನಿಗೆ ಒಳ್ಳೆಯ ಉಪಾಧ್ಯಾಯರನ್ನು ಕೊಡುವ ಪದ್ಧತಿಯನ್ನು ಜಾತಕ ನಂಬದವರೂ ಶುಲ್ಕ ಕಟ್ಟಿ ಒಪ್ಪಿಕೊಂಡಿದ್ದೇವೆ. ಪ್ರೊಫೆಸರರ ಮಿಠಾಯಿ ಇದಲ್ಲದೆ ಮತ್ತೇನು?

ನಾವಿರುವ ಜೀಡಿಮೆಟ್ಲಾ ಕಾರ್ಖಾನೆಗಳ ಊರು. ಉಕ್ಕಿನ ಸರಳಿನ ಬಲವೆಷ್ಟೆಂದು ತಿಳಿಯಬೇಕಾದರೆ ತುಂಡೊಂದನ್ನು ಯಂತ್ರಕ್ಕೆ ಕಚ್ಚಿಸಿ ಅದು ತುಂಡಾಗುವವರೆಗೆ ಎಳೆಯುತ್ತಾರೆ. ಮಾತ್ರೆ ಎಷ್ಟು ಹೊತ್ತಿಗೆ ಕರಗುತ್ತದೆಂದು ತಿಳಿಯಲು ಅದನ್ನು ಕರಗಿಸಿಯೇ ನೋಡುತ್ತಾರೆ. ಅಂಕಿ ಸಿಗುತ್ತದೆ, ನಿಜ. ಆದರೆ ಅಂಕಿ ಸಿಕ್ಕ ತುಂಡು ಯಾವ ಸೇತುವೆಗೂ ಹೋಗುವುದಿಲ್ಲ, ಆ ಮಾತ್ರೆ ಯಾವ ರೋಗಿಗೂ ಸಿಗುವುದಿಲ್ಲ. ಸೇತುವೆಗೆ ಹೋಗುವ ಸರಳು ಅಳೆಯದೆ ಬಿಟ್ಟ ಸರಳು. ಅದನ್ನು ನಾವು ನಂಬಿಕೆಯ ಮೇಲೆ ಹಾಕುತ್ತೇವೆ. ಕೈಗಾರಿಕೆಯವರಿಗೂ ತಿಳಿದಿರುವ ಈ ಸತ್ಯ ಮನೆಯವರಾದ ನಮಗೆ ತಿಳಿಯಬೇಡವೇ? ಮಗುವಿನ ಒಳಬಲವೆಷ್ಟೆಂದು ಪೂರ್ತಿ ತಿಳಿಯುವವರೆಗೂ ಎಳೆದರೆ ಮಗು ಉಳಿಯುವುದಿಲ್ಲ. ಎಲ್ಲ ಅಳತೆಗೂ ಒಂದು ಮಿತಿಯಿದೆ; ಆ ಮಿತಿಯಿಂದ ಆಚೆಗೆ ಕೆಲಸ ಮಾಡುವುದು ವಿಶ್ವಾಸ ಮಾತ್ರ.

ಇನ್ನೊಂದು ಸಂಗತಿಯನ್ನು ಹೇಳದೆ ಹೋದರೆ ಲೆಕ್ಕ ಅಪೂರ್ಣವಾಗುತ್ತದೆ. ಜನ್ಮಾಂಕದ ಅಂತರ ಹೆಚ್ಚೆಂದರೆ 31. ಮೂಲಾಂಕದ ಅಂತರ ಎಷ್ಟು? ಪ್ರಾಣಶಕ್ತಿಯಲ್ಲಿ ಪಿಕಾಚುವಿನ ಮೂಲಾಂಕ 35, ಸ್ನಾರ್‌ಲ್ಯಾಕ್ಸ್ ಎಂಬ ಬೊಜ್ಜು ಪ್ರಾಣಿಯದು 160. ಲೆಕ್ಕದಲ್ಲಿ ಅದು ಎರಡರಷ್ಟಾಗಿ 250ರ ವ್ಯತ್ಯಾಸ. ಈ ಮೂಲಾಂಕ ಗುಟ್ಟೇ ಅಲ್ಲ, ಜಾತಿಗೆ ಜಾತಿಯೇ ಎದ್ದು ಕಾಣುವಂಥದ್ದು. ಮನುಷ್ಯರಲ್ಲಿ ಮೂಲಾಂಕವೆಂದರೆ ಹುಟ್ಟಿದ ಮನೆ. ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಸೂರಿನ ಕೆಳಗೆ ಇರುವ ಕೂಲಿಯ ಮಗುವಿಗೂ ಓದಲು ಕೋಣೆ, ಫ್ಯಾನು, ಕೇಳಿದ್ದಕ್ಕೆ ಉತ್ತರ ಹೇಳುವ ತಂದೆತಾಯಿ ಇರುವ ನಮ್ಮ ಮಕ್ಕಳಿಗೂ ಇರುವ ಅಂತರ ಕಣ್ಣಿಗೆ ರಾಚುವಂತಿದೆ. ಅದನ್ನು ಬಿಟ್ಟು, ಪ್ರತಿಭೆ ಎಂಬ ಕಾಣದ ಅಂಕಿಯ ಮಾತನ್ನು ನಾವು ಏಕೆ ಇಷ್ಟು ಆಡುತ್ತೇವೆ? ಕಾಣದ ಅಂಕಿಯ ಮೇಲೆ ಭಾರ ಹಾಕಿದರೆ ಕಾಣುವ ಅಂಕಿಗೆ ಯಾರೂ ಹೊಣೆಯಾಗಬೇಕಿಲ್ಲ ಎಂಬುದು ಒಂದು ಕಾರಣವಿರಬಹುದು. ಹಣೆಬರಹವೆಂಬ ಮಾತು ಎಷ್ಟೋ ವೇಳೆ ಬೇರೆಯವರ ಕೈಬರಹವನ್ನು ಮುಚ್ಚುವ ಮಾತು.

ನಾಡು ಬಿಟ್ಟು ಬಂದ ನಮಗೆ ಇದು ಚೆನ್ನಾಗಿ ತಿಳಿಯಬೇಕು. ರಾಯಚೂರು, ಬೀದರ, ಕಲಬುರಗಿ, ಬಳ್ಳಾರಿಗಳಿಂದ, ಇನ್ನೂ ದೂರದ ಊರುಗಳಿಂದ ಇಲ್ಲಿಗೆ ಬಂದ ಮೊದಲ ತಲೆಮಾರಿನವರ ಶ್ರಮಾಂಕ ಯಾವ ಅಂಕಪಟ್ಟಿಯಲ್ಲೂ ಇಲ್ಲ. ಅವರು ಬಾಡಿಗೆ ಕೋಣೆಯಲ್ಲಿ ಅಡುಗೆ ಮಾಡಿಕೊಂಡು, ತೆಲುಗು ಕಲಿತು, ಉರ್ದು ಕಲಿತು, ಊರಿಗೆ ಮನಿಯಾರ್ಡರ್ ಕಳುಹಿಸಿದ್ದರಿಂದ ನಮ್ಮ ಮಕ್ಕಳ ಮೂಲಾಂಕ ಏರಿದೆ. ಮಗ ತನ್ನದೆಂದು ತಿಳಿದಿರುವ ಎಷ್ಟೋ ಅಂಕ ಅವನ ತಾತನ ಬೆವರು.

2016ರ ಆಟದಲ್ಲಿ ಒಂದು ಹೊಸ ಅನುಕೂಲ ಬಂತು. ನೂರನೆಯ ಮಟ್ಟ ಮುಟ್ಟಿದ ಪ್ರಾಣಿಗೆ ಬಾಟಲಿಯ ಬಿರಡೆಯೊಂದನ್ನು ತೆತ್ತು ವಿಶೇಷ ತರಬೇತಿ ಕೊಡಿಸಿದರೆ, ಜನ್ಮಾಂಕ ಎಷ್ಟೇ ಇರಲಿ 31 ಇದ್ದಂತೆಯೇ ಪರಿಗಣಿಸುತ್ತಾರೆ. ಒಳಗಿನ ಅಂಕಿ ಬದಲಾಗುವುದಿಲ್ಲ. ಮರಿಗೆ ಹೋಗುವುದು ಹಳೆಯ ಅಂಕಿಯೇ. ಗಳಿಸಿದ ಗುಣ ಸಂತಾನಕ್ಕೆ ಇಳಿಯದೆಂಬ ಜೀವಶಾಸ್ತ್ರದ ಪಾಠವನ್ನು ಇಲ್ಲಿಯೂ ಪಾಲಿಸಿದ್ದಾರೆ. ಆದರೆ ಕಣಕ್ಕೆ ಇಳಿದಾಗ ಅದನ್ನು ಯಾರೂ ಕೀಳೆಂದು ತಿಳಿಯಲಾರರು. ಹಿಡಿದ ಮೊದಲ ದಿನದಿಂದ ಜೊತೆಗಿದ್ದ ಪ್ರಾಣಿಯನ್ನು ಅಂಕಿ ಕಡಮೆಯೆಂದು ಬಿಡಲಾರದೆ ಇದ್ದವರಿಗೆ ಇದು ದೊಡ್ಡ ಸಮಾಧಾನ ತಂದಿತು. ಆಟ ಮಾಡಿದವರೂ ಇಪ್ಪತ್ತು ವರ್ಷಗಳ ಮೇಲೆ ಮನಸ್ಸು ಮೆತ್ತಗೆ ಮಾಡಿಕೊಂಡರು ಎಂದಾಯಿತು. ಜೊತೆಯಲ್ಲಿ ನಡೆದವನನ್ನು ನೂರನೆಯ ಮಟ್ಟದವರೆಗೆ ಕರೆದುಕೊಂಡು ಬಂದರೆ ಹುಟ್ಟಿನ ಕೊರತೆಯನ್ನು ಮನ್ನಿಸುತ್ತೇವೆ ಎಂಬ ಈ ನಿಯಮ ನನಗೆ ಒಪ್ಪಿಗೆಯಾಯಿತು.

ಕನಕದಾಸರ ರಾಮಧಾನ್ಯ ಚರಿತೆಯ ಕಥೆ ನಮಗೆಲ್ಲ ಗೊತ್ತು. ಭತ್ತ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ಎದ್ದಾಗ ಶ್ರೀರಾಮನು ಎರಡರ ಬಣ್ಣ ನೋಡಲಿಲ್ಲ, ಕುಲ ಕೇಳಲಿಲ್ಲ, ಕಾಳು ಒಡೆದೂ ನೋಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಕಾದ. ಭತ್ತ ಸೊರಗಿತು, ರಾಗಿ ಗಟ್ಟಿಯಾಗಿ ನಿಂತಿತು. ಎಲ್ಲರೂ ಈ ಕಥೆಯಲ್ಲಿ ರಾಗಿಯ ಗೆಲುವನ್ನು ಕಾಣುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆ ಆರು ತಿಂಗಳು. ಸರ್ವಜ್ಞನಾದ ದೇವರೇ ಕಾಯಲು ಸಿದ್ಧನಿದ್ದ. ಒಂಬತ್ತನೆಯ ತರಗತಿಯ ಒಂದು ಉತ್ತರಪತ್ರಿಕೆ ನೋಡಿ ಮಗುವಿನ ಬದುಕಿಗೆ ಷರಾ ಬರೆಯುವ ಆತುರ ನಮಗೆ.

ಹುಡುಗ ಕೇಳಿದ ಪ್ರಶ್ನೆಗೆ ಕೊಡಬೇಕಾದ ಉತ್ತರವನ್ನು ಈಗ ಒಟ್ಟುಗೂಡಿಸಬಹುದು. ನಿನ್ನೊಳಗೆ ಯಾರೂ ಬರೆದಿಟ್ಟ ಅಂಕಿಯಿಲ್ಲ. ಹುಟ್ಟಿನಿಂದ ಬಂದ ಏರುತಗ್ಗುಗಳಿವೆ, ಅವು ಸುಳ್ಳಲ್ಲ. ಆದರೆ ಅವನ್ನು ಅಳೆಯುವ ಕೋಲುಗಳೆಲ್ಲ ಮನುಷ್ಯರು ಮಾಡಿದವು, ಮಾಡಿದವರ ಉದ್ದೇಶಕ್ಕೆ ತಕ್ಕಂತೆ ವಾಲುವಂಥವು. ಯಾರಾದರೂ ನಿನ್ನನ್ನು ಅಳೆದರೆ ಆ ಅಳತೆಯನ್ನು ತೋರಿಸಿರೆಂದು ಕೇಳುವ ಹಕ್ಕು ನಿನಗಿದೆ. ನೀನು ಬೇರೆಯವರನ್ನು ಅಳೆಯುವ ಸ್ಥಾನಕ್ಕೆ ಬಂದಾಗ, ಆ ಅಂಕಿಯನ್ನು ಅವರಿಗೆ ಎಲ್ಲಿ ನೆರವು ಬೇಕೆಂದು ತಿಳಿಯಲು ಬಳಸು, ಅವರನ್ನು ಕಳುಹಿಸಿಕೊಡಲು ಬಳಸಬೇಡ.

ಮಾರ್ಚಿ ಏಪ್ರಿಲಿನ ಪರೀಕ್ಷೆಗಳು, ಮೇ ಜೂನಿನ ಫಲಿತಾಂಶಗಳು ವರ್ಷವರ್ಷವೂ ನಮ್ಮೆಲ್ಲರ ಮನೆಗೂ ಬರುತ್ತವೆ. ಸಂಘದ ಕಾರ್ಯಕ್ರಮಗಳಲ್ಲಿ ನಾವು ಒಬ್ಬರನ್ನೊಬ್ಬರು ಕಂಡಾಗ ಮೊದಲು ಕೇಳುವುದೇ 'ನಿಮ್ಮ ಮಗನಿಗೆ ಎಷ್ಟು ಬಂತು?' ಎಂದು. ಪಕ್ಕದಲ್ಲೇ ನಿಂತ ಮಗು ಆ ಅಂಕಿಗಾಗಿ ಅಪ್ಪ ಅಮ್ಮನ ಮುಖ ನೋಡುತ್ತಿರುತ್ತದೆ. ಈ ಸಲ 'ನಿಮ್ಮ ಮಗ ಈಗ ಏನು ಮಾಡುತ್ತಿದ್ದಾನೆ?' ಎಂದು ಕೇಳಿ ನೋಡೋಣ. ಉತ್ತರವನ್ನು ಮಗುವೇ ಹೇಳೀತು.